ಅಡ್ಡ ನಿಲ್ಲುವ ಕೂಲಿ

"ಲೇ ಲೌಡಿ, ಪಕ್ಕುಕ್ಯಾಕೆ ನೆಗುದ್ಯೇ? ಅಡ್ಡ ನಿಲ್ಲು ಅಂದ್ರೆ ಅಡ್ಡ ನಿಲ್ಬೇಕು! ನಿಮ್ಮಪ್ಪ ಬತ್ತಾವ್ನೆ ಅನ್ಕಂಡು ದಾರಿ ಬುಟ್ಟಾ?"

ಬಾಲರಾಜು ಬಾಯಲ್ಲಿದ್ದ ವಿಸಿಲ್ ತೆಗೆದು ಉಗಿದ. ಮಾಯಮ್ಮ ಡಾಂಬರು ರಸ್ತೆಯ ಪಕ್ಕದ ಚರಂಡಿಯಲ್ಲಿ ನಿಂತಿದ್ದಳು. ಮೈಮೇಲೆ ಕಂಪನಿಯ ಹಳದಿ ಕೋಟು, ಅದರ ಕೆಳಗೆ ಮಂಡಿಗೆ ಎತ್ತಿ ಕಟ್ಟಿದ ಸೀರೆ. ಅವಳು ನಿಲ್ಲಬೇಕಿದ್ದ ಜಾಗವನ್ನು ಬಿಳಿ ಕಾರು ದಾಟಿಕೊಂಡು ಹೋಗಿ, ದೂರದಲ್ಲಿ ತಾನೇ ನಿಧಾನಿಸಿ, ತಾನೇ ತಿರುಗಿಕೊಂಡು, ಮತ್ತೆ ಇವಳ ಕಡೆಗೇ ಬರುತ್ತಿತ್ತು.

"ತಪ್ಪಾಯ್ತು ಬುದ್ಧಿ. ಕಾಲು ತಾನಾಗೇ ಓಯ್ತು."

"ತಾನಾಗೇ ಓಗಕ್ಕೆ ಅದೇನು ಕಾರಾ? ನಾಳಿಂದ ಇಂಗೇ ಮಾಡುದ್ರೆ ಕೋಟು ಬಿಚ್ಚಿಟ್ಟು ಸಗಣಿ ಬಾಚಕ್ಕೋಗು!"

ಕಾಲು ತಾನಾಗಿ ಹೋಗದೆ ಇನ್ನೇನಾಗುತ್ತದೆ ಹೇಳಿ! ಇದೇ ಬಾಲರಾಜುವಿನ ತಾತನ ಕಮಾನುಗಾಡಿ ಬಂದರೆ ಕೇರಿಯವರು ಚಪ್ಪಲಿ ಕೈಗೆತ್ತಿಕೊಂಡು ಚರಂಡಿಗೆ ಇಳಿಯಬೇಕಿತ್ತು. ಅಪ್ಪನ ಕಾಲಕ್ಕೆ ಕಮಾನುಗಾಡಿ ಹೋಗಿ ಬುಲೆಟ್ಟು ಬಂತು, ಇವನ ಕಾಲಕ್ಕೆ ಬುಲೆಟ್ಟು ಹೋಗಿ ಜೀಪು ಬಂತು. ಚರಂಡಿ ಮಾತ್ರ ಅದೇ ಇತ್ತು. ಮೂರು ತಲೆಮಾರು ಇಳಿದೂ ಇಳಿದೂ ಮಾಯಮ್ಮನ ಕಾಲು ಇಂಜಿನ್ನಿನ ಸದ್ದು ಕೇಳಿದರೆ ಸಾಕು, ಅವಳನ್ನು ಒಂದು ಮಾತೂ ಕೇಳದೆ ಪಕ್ಕಕ್ಕೆ ಹಾರುತ್ತಿತ್ತು. ಈಗ ಅದೇ ಮನೆಯವನು ಗಾಡಿಗೆ ಅಡ್ಡ ನಿಲ್ಲೆಂದು ಕೂಲಿ ಕೊಡುತ್ತಿದ್ದ. ಇದನ್ನು ಕಾಲಿಗೆ ಒಪ್ಪಿಸಲು ಅವಳಿಗೆ ಹದಿನೈದು ದಿನ ಹಿಡಿಯಿತು.

ಬಿಡದಿಗೆ ಕಾರಿನ ಕಾರ್ಖಾನೆ ಬಂದು ಇಪ್ಪತ್ತು ವರ್ಷವಾಗಿತ್ತು. ಅದರ ಬೆನ್ನಿಗೆ ದೊಡ್ಡವು, ಚಿಕ್ಕವು, ಹೆಸರು ಬಾಯಿಗೆ ಬಾರದವು ಎಷ್ಟೋ ಕಂಪನಿಗಳು ಬಂದವು. ಅಂಥದ್ದೊಂದು ಕಂಪನಿ ಕೈಲಾಂಚದಿಂದ ಒಳಗೆ, ಗುಡ್ಡದ ಬುಡದ ಗೋಮಾಳಕ್ಕೆ ತಂತಿಬೇಲಿ ಬಿಗಿದು, ನಡುವೆ ನುಣ್ಣನೆಯ ರಸ್ತೆ ಹಾಕಿತು. ಅದು ಯಾವ ಊರಿಗೂ ಹೋಗುವ ರಸ್ತೆಯಲ್ಲ. ಹೊರಟಲ್ಲಿಗೇ ಬಂದು ಸೇರುತ್ತಿತ್ತು. ಅದರ ಮೇಲೆ ಓಡಿಸುವವನಿಲ್ಲದೆ ಓಡುವ ಕಾರನ್ನು ಪಳಗಿಸುತ್ತಿದ್ದರು. ಕಾರಿನ ನೆತ್ತಿಯ ಮೇಲೆ ಒಂದು ಡಬ್ಬ ಚನ್ನಪಟ್ಟಣದ ಬುಗುರಿಯ ಹಾಗೆ ಗಿರ್ರನೆ ತಿರುಗುತ್ತಿತ್ತು. ಅದೇ ಅದರ ಕಣ್ಣಂತೆ. ಆ ಕಣ್ಣಿಗೆ ಮನುಷ್ಯರು ಕಾಣುತ್ತಾರೋ ಇಲ್ಲವೋ ನೋಡಬೇಕಲ್ಲ, ಅದಕ್ಕೆ ಮನುಷ್ಯರು ಬೇಕಾಯಿತು. ಕಂಪನಿಯವರು ಬಾಲರಾಜುವನ್ನು ಕೇಳಿದರು. ಬಾಲರಾಜು ಕೇರಿಯ ಹತ್ತು ಹೆಂಗಸರನ್ನು ತಂದು ನಿಲ್ಲಿಸಿದ. ತನ್ನ ಬೀದಿಯ ಹೆಂಗಸರನ್ನು ಯಾಕೆ ತರಲಿಲ್ಲವೆಂದು ಅವನನ್ನು ಯಾರೂ ಕೇಳಲಿಲ್ಲ.

ವಿಸಿಲ್ ಊದಿದರೆ ಅಡ್ಡ ನಡೆಯಬೇಕು. ಎರಡು ಸಲ ಊದಿದರೆ ನಡುರಸ್ತೆಯಲ್ಲಿ ನಿಲ್ಲಬೇಕು. ಕಾರು ಬಂದು ಮಾರು ದೂರದಲ್ಲಿ ನಿಲ್ಲುತ್ತಿತ್ತು. ಒಮ್ಮೊಮ್ಮೆ ಗೇಣು ದೂರದಲ್ಲಿ. ಆಗ ಹೆಂಗಸರು ಎದೆ ಹಿಡಿದುಕೊಂಡು, "ಥೂ ನಿನ್ ಮಕ್ಕಂಗೆ ಬೆಂಕಿ ಬೀಳ" ಎಂದು ಕಾರಿಗೆ ಬೈದು ನಗುತ್ತಿದ್ದರು. ಬೈದರೂ ತಿರುಗಿ ಬೈಯದ ಗಾಡಿ ಅದೊಂದೇ.

ಕಾರಿನಲ್ಲಿ ಇಬ್ಬರು ಇರುತ್ತಿದ್ದರು. ಒಬ್ಬರು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡ ಬೆಂಗಳೂರಿನ ಇಂಜಿನಿಯರು. ಹೆಂಗಸರು ಅವರಿಗೆ ಪೆಟ್ಟಿಗೆ ಸಾಹೇಬರೆಂದು ಹೆಸರಿಟ್ಟಿದ್ದರು. ಸ್ಟಿಯರಿಂಗಿನ ಮುಂದೆ ದಾಸಪ್ಪ. ದಾಸಪ್ಪ ಕೇರಿಯವನೇ, ಮಾಯಮ್ಮನಿಗೆ ದೊಡ್ಡಪ್ಪನ ಮಗ. ಇಪ್ಪತ್ತು ವರ್ಷ ರಾಮನಗರದ ಮಾರ್ಕೆಟ್ಟಿಗೆ ರೇಷ್ಮೆಗೂಡಿನ ಟೆಂಪೋ ಓಡಿಸಿದವನು, ಒಂದು ನಾಯಿಗೂ ಗಾಲಿ ಹತ್ತಿಸಿದವನಲ್ಲ. ತಿಮ್ಮಪ್ಪನ ಒಕ್ಕಲು, ಶನಿವಾರ ಒಪ್ಪೊತ್ತು, ಹೆಂಡ ಸಾರಾಯಿ ಮೂಸಿದವನಲ್ಲ.

ಮಧ್ಯಾಹ್ನ ಹೊಂಗೆಮರದ ಕೆಳಗೆ ಮುದ್ದೆ ಮುರಿಯುವಾಗ ಮಾಯಮ್ಮ ಅವನನ್ನು ರೇಗಿಸುತ್ತಿದ್ದಳು.

"ಏನಣ್ಣ, ಹಸೆಮಣೆ ಮ್ಯಾಲೆ ಮದ್ವೆಗಂಡು ಕುಂತಂಗೆ ತೊಡೆ ಮ್ಯಾಲೆ ಕೈಯಿಕ್ಕಂಡು ಕುಂತಿರ್ತೀಯಲ್ಲ. ಪುಣ್ಯವಂತ ಬುಡು."

ದಾಸಪ್ಪ ನಗಲಿಲ್ಲ. "ಕುಂತ್ಕಳದೇ ಕಷ್ಟ ಕಣವ್ವ. ಓಡ್ಸು ಅಂದ್ರೆ ಓಡುಸ್ತೀನಿ. ಓಡುಸ್ಬ್ಯಾಡ, ಆದ್ರೆ ಏನಾರ ಆದ್ರೆ ನೀನೇ ಜವಾಬ್ದಾರಿ ಅಂದ್ರೆ ಎಂಗೆ? ಬ್ರೇಕ್ ತುಳುದ್ರೆ ಗಾಡಿ ನಿಲ್ತದೆ, ಕಾಲೆತ್ತುದ್ರೆ ತಿರ್ಗಾ ತನ್ ದಾರಿ ಹಿಡೀತದೆ. ಆದ್ರೆ ತುಳಿಯಂಗಿಲ್ಲ. ತುಳುದ್ ಸಲೆಲ್ಲಾ ಪೆಟ್ಗೆ ಬರ್ಕತದೆ. ದೊಡ್ಡೋರು ನೋಡಕ್ ಬರಾ ದಿನದೊಳ್ಗೆ ನೂರು ಸುತ್ತು ಕಾಲು ಮುಟ್ದಂಗೆ ಓಡ್ಬೇಕಂತೆ. ನೆನ್ನೆ ಒಂದ್ಸಲ ತುಳುದ್ಬುಟ್ಟೆ. ಇನ್ನೊಂದಪ ತುಳುದ್ರೆ ಮನೇಗೋಗು ಅಂದವ್ರೆ."

"ಯಾಕ್ ತುಳುದ್ಯಣ್ಣ?"

"ಒಂದು ಕುರಿ ಬಂತು, ಲಂಟಾನದ ಪೊದೆಯಿಂದ. ಮೊದ್ಲು ಈ ಗಾಡಿ ಗಾಳೀಗೆ ಗಿಡ ಅಲ್ಲಾಡುದ್ರೂ ಗಕ್ಕನೆ ನಿಂತ್ಕತಿತ್ತು. ಸಾಯೇಬ್ರು ತಲೆ ಚಚ್ಕಂಡು, ಗಿಡ ಸೊಪ್ಪು ಕಂಡ್ರೆ ನಿಲ್ಬ್ಯಾಡ ಅಂತ ಅದ್ಕೆ ಪಾಠ ಮಾಡವ್ರೆ. ಈಗ ಗಿಡುಕ್ ನಿಲ್ಲಲ್ಲ. ಗಿಡದೊಳ್ಗೆ ಏನೈತೆ ಅಂತ್ಲೂ ನೋಡಲ್ಲ."

"ಮನ್ಸರಿಗೆ?"

"ಹಳದಿ ಕೋಟು ಹಾಕ್ಕಂಡೋರ್ಗೆ ಚೆನ್ನಾಗ್ ನಿಲ್ತದೆ," ಎಂದು ಅವನು ಕೈ ತೊಳೆಯಲು ಎದ್ದ.

ಮಾಯಮ್ಮ ಈ ಮಾತನ್ನು ಅಷ್ಟಾಗಿ ತಲೆಗೆ ಹಚ್ಚಿಕೊಳ್ಳಲಿಲ್ಲ. ಅದೇ ತಪ್ಪಾಯಿತು ಎಂದು ಆಮೇಲೆ ಎದೆ ಬಡಿದುಕೊಂಡಳು.

ಕೇರಿಯಿಂದ ಬಾಲರಾಜುವಿನ ಹಿಪ್ಪುನೇರಳೆ ತೋಟಕ್ಕೆ, ತೋಟದಿಂದ ಅವನ ಹುಳುಮನೆಗೆ ಹೋಗುವ ಕಾಲುದಾರಿ ತಾತಮುತ್ತಾತನ ಕಾಲದ್ದು. ಕಂಪನಿಯ ರಸ್ತೆ ಅದನ್ನು ನಡುವೆ ಕತ್ತರಿಸಿತ್ತು. ಬೇಲಿ ಬಿಗಿದ ಮೇಲೆ ಸೊಪ್ಪು ಹೊರುವವರು ಎರಡು ಮೈಲಿ ಸುತ್ತಿ ಬರಬೇಕಾಯಿತು. ಆದರೆ ನಾಲ್ಕನೇ ಜ್ವರ ಎದ್ದ, ಅಂದರೆ ಕೊನೆಯ ಪೊರೆ ಬಿಟ್ಟ ರೇಷ್ಮೆಹುಳು ಸುತ್ತುದಾರಿಯ ಕಷ್ಟ ಕೇಳುತ್ತದೆಯೇ? ಅದಕ್ಕೆ ಹೊಟ್ಟೆಯೋ ಹೊಟ್ಟೆ. ಹೊತ್ತುಹೊತ್ತಿಗೆ ಸೊಪ್ಪು ಸುರಿಯುತ್ತಲೇ ಇರಬೇಕು. ತಡವಾದರೆ ಗೂಡು ತೆಳ್ಳಗಾಗುತ್ತದೆ.

ಆ ಸೊಪ್ಪು ಹೊರುತ್ತಿದ್ದವಳು ಸಿದ್ದಮ್ಮ, ಮಾಯಮ್ಮನ ಓರಗಿತ್ತಿ. ಗಂಡ ಕಲ್ಲುಕ್ವಾರಿಯಲ್ಲಿ ಸತ್ತ ಮೇಲೆ ಅವಳು ಈ ತೋಟವನ್ನೇ ನಂಬಿ ಮಗಳು ಭಾನುಪ್ರಿಯಳನ್ನು ಹತ್ತನೇ ಕ್ಲಾಸು ದಾಟಿಸಿದ್ದಳು. ಆ ದಿನ ಬೆಳಿಗ್ಗೆ ಬಾಲರಾಜು ಬೇಲಿಯ ಈಚೆಯಿಂದ ಅವಳಿಗೆ ಕೂಗಿ ಹೇಳಿದ್ದನ್ನು ಮಾಯಮ್ಮ ಕಿವಿಯಾರೆ ಕೇಳಿದಳು:

"ಏ ಸಿದ್ದಿ, ಸುತ್ಕಂಡ್ ಬಂದು ಹುಳಾನೆಲ್ಲಾ ಸಾಯುಸ್ಬ್ಯಾಡ ಕಣಮ್ಮಿ. ಆ ತಂತಿ ಸಂದೀಲಿ ನುಗ್ಗಿ ಬಾ. ಯಾವನೇನಂತಾನೆ, ನಾನಿಲ್ವಾ?"

ಹನ್ನೊಂದು ಗಂಟೆಯ ಬಿಸಿಲು. ಉಳಿದ ಹೆಂಗಸರು ಆ ತುದಿಯಲ್ಲಿ ನೀರು ಕುಡಿಯಲು ಹೋಗಿದ್ದರು. ಈ ತಿರುವಿನಲ್ಲಿ ಮಾಯಮ್ಮ ಒಬ್ಬಳೇ ಇದ್ದಳು. ತಂತಿಯ ಸಂದಿನಿಂದ ಸಿದ್ದಮ್ಮ ರಸ್ತೆಗೆ ಇಳಿದಳು. ಸೊಪ್ಪಿನ ಹೊರೆ ಹೇಗಿರುತ್ತದೆಂದು ಬಲ್ಲವರು ಬಲ್ಲರು: ಹಳೇ ಸೀರೆಯಲ್ಲಿ ಕಟ್ಟಿದರೂ ನಾಲ್ಕೂ ಕಡೆ ರೆಂಬೆ ಜೋತುಬಿದ್ದು, ಹೊತ್ತವಳ ಮುಖ, ಹೆಗಲು, ಸೊಂಟ ಎಲ್ಲವನ್ನೂ ಮುಚ್ಚಿರುತ್ತದೆ. ಎದುರಿಂದ ನೋಡಿದರೆ ಗಿಡವೊಂದು ನಡೆದುಬಂದ ಹಾಗೆ. ಕೆಳಗೆ ಎರಡು ಕಾಲು ಮಾತ್ರ.

ಕಾರು ತಿರುವಿನಲ್ಲಿ ಕಾಣಿಸಿತು. ಮಾಯಮ್ಮ, ನಿಲ್ಲುತ್ತದೆ ಬಿಡು, ದಿನವೂ ನಿಲ್ಲುತ್ತದಲ್ಲ ಎಂದುಕೊಂಡಳು. ಅದು ನಿಧಾನಿಸಲೂ ಇಲ್ಲ.

"ಅಕ್ಕಾ! ಅಕ್ಕಯ್ಯಾ!"

ಗಾಜಿನ ಹಿಂದೆ ದಾಸಪ್ಪ ಮುಂದಕ್ಕೆ ಬಾಗಿದ್ದು ಕಂಡಿತು. ಪಕ್ಕದ ಸಾಹೇಬರ ಕೈ ಚಾಚಿ ಅವನ ತೊಡೆಯನ್ನು ಅದುಮಿದ್ದೂ ಕಂಡಿತು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ದಾಸಪ್ಪ ಆ ಕೈಯನ್ನು ಕೊಡವಿ ಬ್ರೇಕ್ ತುಳಿದ. ಕಾರು ಕಿರ್ರೆಂದು ನಿಂತಿತು. ಸಿದ್ದಮ್ಮನನ್ನು ದಾಟಿಕೊಂಡು ನಿಂತಿತು.

ರಸ್ತೆಯ ತುಂಬಾ ಸೊಪ್ಪು. ಮಾಯಮ್ಮ ಓಡಿಹೋಗಿ ಸೊಪ್ಪನ್ನು ಎರಡೂ ಕೈಯಲ್ಲಿ ಬಾಚಿ ಬಾಚಿ ಓರಗಿತ್ತಿಯನ್ನು ಹುಡುಕಿದಳು. ಸಿಕ್ಕಿದಾಗ ಅವಳಲ್ಲಿ ಜೀವವಿರಲಿಲ್ಲ.

ಬಾಲರಾಜು ಜೀಪಿನಲ್ಲಿ ಬಂದ. ಇಳಿದ. ಹೆಣ ನೋಡಿ, "ಅಯ್ಯೋ ಶಿವನೇ" ಎಂದ. ಆ ಮಾತು ಬಾಯಿಂದ ಮುಗಿಯುವ ಮೊದಲೇ ಅವನ ಕಣ್ಣು ಸೊಪ್ಪಿನ ಕಡೆ ಹೋಯಿತು.

"ಲೇ, ಯಾರಾರ ಒಬ್ರು ಆ ಸೊಪ್ಪ ಬಾಚ್ಕಳ್ರೋ. ನೆತ್ರ ಆಗಿರದ್ ಆಕಡೀಕ್ ಎಸೀರಿ, ಒಳಗಿಂದು ಚೆನ್ನಾಗೈತೆ. ಹುಳ ಬೆಳಗಿಂದ ಹಸ್ಕಂಡವೆ."

ಹೆಂಗಸರು ಅಲ್ಲಾಡಲಿಲ್ಲ. ಕೊನೆಗೆ ಅವನ ಜೀಪಿನ ಡ್ರೈವರೇ ಬಾಚಿಕೊಂಡು ಹೋದ. ಆ ಹುಳುಗಳು ಆ ಸೊಪ್ಪು ತಿಂದವು, ಗೂಡೂ ಕಟ್ಟಿದವು.

ಸ್ಟೇಷನ್ನಿನಿಂದ ಎಸ್ಸೈ ಬಂದಾಗ ಪೆಟ್ಟಿಗೆ ಸಾಹೇಬರು ಕಾರಿನ ಬಾನೆಟ್ಟಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿ ಚಿತ್ರ ತೋರಿಸಿದರು. ಅವರ ದನಿ ಗಟ್ಟಿಯಾಗಿತ್ತು.

"ನೋಡಿ ಸರ್, ಗಾಡಿ ಕಂಡ ಮನುಷ್ಯರ ಸುತ್ತ ಹಸಿರು ಚೌಕ ಬರುತ್ತೆ. ಈ ಹೆಂಗಸಿಗೆ ಬಂದಿದೆ ನೋಡಿ, ಕೋಟು ಹಾಕಿದಾಳೆ. ಇಲ್ಲಿ ಮಾತ್ರ ಚೌಕ ಇಲ್ಲ. ಅಂದ್ರೆ ಗಾಡಿ ಲೆಕ್ಕದಲ್ಲಿ ಅಲ್ಲಿ ಮನುಷ್ಯರು ಯಾರೂ ಇರಲಿಲ್ಲ. ಸಿಸ್ಟಮ್ ತಪ್ಪು ಮಾಡಿಲ್ಲ ಸರ್. ಡ್ರೈವರ್ ನೋಡಬೇಕಿತ್ತು. ಅವನನ್ನ ಕೂರಿಸಿರೋದೇ ಅದಕ್ಕೆ."

ಮಾಯಮ್ಮ ಹಿಂದಿನಿಂದ ಇಣುಕಿದಳು. ಚಿತ್ರದಲ್ಲಿ ಸೊಪ್ಪಿನ ಕೆಳಗೆ ಸಿದ್ದಮ್ಮನ ಎರಡು ಕಾಲು ಕಾಣುತ್ತಿದ್ದವು. ಬಲಗಾಲಿನ ಹೆಬ್ಬೆರಳಿಗೆ ಸುತ್ತಿದ ಬಟ್ಟೆಯೂ ಕಾಣುತ್ತಿತ್ತು. ಹಿಂದಿನ ದಿನ ಕುಡುಗೋಲು ತಾಗಿದ ಗಾಯಕ್ಕೆ ಅದನ್ನು ಸುತ್ತಿದವಳು ಮಾಯಮ್ಮನೇ.

"ಕಾಲು ಕಾಣ್ತಾವಲ್ಲ ಸ್ವಾಮಿ."

"ಕಾಲಷ್ಟೇ ಸಾಲಲ್ಲಮ್ಮ," ಎಂದರು ಸಾಹೇಬರು, ತಿರುಗಿ ನೋಡದೆ.

"ಏಯ್, ನಿನ್ನ ಕೇಳುದ್ರಾ? ನಡಿ ಅತ್ಲಾಗೆ," ಎಂದ ಎಸ್ಸೈ. ದಾಸಪ್ಪನ ಕುತ್ತಿಗೆಗೆ ಕೈಹಾಕಿ ಜೀಪಿಗೆ ದಬ್ಬಿದ.

ಮಣ್ಣು ಮಾಡಿದ ಮೂರನೆಯ ದಿನ, ಹಾಲುತುಪ್ಪ ಬಿಟ್ಟು ಬಂದ ಮಾಯಮ್ಮನಿಗೆ ಬಾಲರಾಜುವಿನ ಮನೆಯಿಂದ ಕರೆ ಬಂತು. ಜಗುಲಿಯ ಮೇಲೆ ಬಾಲರಾಜು, ಎಸ್ಸೈ, ಪೆಟ್ಟಿಗೆ ಸಾಹೇಬರು. ಅವರ ಕೈಯಲ್ಲಿ ಪಿಂಗಾಣಿ ಲೋಟದ ಕಾಫಿ. ಅಂಗಳದಲ್ಲಿ ನಿಂತ ಇವಳಿಗೂ ಕಾಫಿ ಬಂತು, ಬಳಸಿ ಬಿಸಾಡುವ ಪ್ಲಾಸ್ಟಿಕ್ ಲೋಟದಲ್ಲಿ. ಕಾಲ ಮುಂದುವರಿದಿದೆ, ಅವಳ ಅತ್ತೆಯ ಕಾಲದಲ್ಲಿ ಅದು ತೆಂಗಿನ ಚಿಪ್ಪಾಗಿತ್ತು.

"ಕುಡಿ ಕುಡಿ," ಎಂದ ಬಾಲರಾಜು. ದನಿ ಜೇನಿನಂತಿತ್ತು. "ನೋಡು ಮಾಯಮ್ಮ, ಹೋದೋಳು ಹೋದ್ಲು. ಅವ್ಳ ಮಗ್ಳು ಇದೆಯಲ್ಲ, ಅದ್ಕೊಂದು ದಾರಿ ಆಗ್ಬೇಕೋ ಬ್ಯಾಡ್ವೋ? ಕಂಪನೀಲಿ ಕೆಲ್ಸ ಕೊಡುಸ್ತೀನಿ. ಪರ್ಮನೆಂಟು. ಸಾಯೇಬ್ರು ಒಪ್ಪವ್ರೆ."

"ಆಯ್ತು ಬುದ್ಧಿ."

"ನೀನು ಒಂದು ಹೆಬ್ಬೆಟ್ಟು ಒತ್ಬೇಕಷ್ಟೆಯ. ನೋಡಿರೋಳು ನೀನೊಬ್ಳೇ ಅಲ್ವಾ? ದಾಸ ಕುಡುದ್ಬುಟ್ಟು ತೂಕಡುಸ್ತಿದ್ದ, ನಾನು ಕಂಡೆ ಅಂತ."

ಮಾಯಮ್ಮನ ಕೈಯಲ್ಲಿದ್ದ ಪ್ಲಾಸ್ಟಿಕ್ ಲೋಟ ಸುಕ್ಕಾಗಿ ಕಾಫಿ ಬೆರಳಿಗೆ ಚೆಲ್ಲಿತು.

"ದಾಸಣ್ಣ ಕುಡಿಯಲ್ಲ ಬುದ್ಧಿ. ಇಡೀ ಊರ್ಗೇ ಗೊತ್ತು."

"ಊರ್ಗೆ ಗೊತ್ತಿದ್ರೇನೇ, ಕೋರ್ಟ್ಗೆ ಗೊತ್ತಾ?" ಎಂದು ಎಸ್ಸೈ ಕಾಲಮೇಲೆ ಕಾಲು ಹಾಕಿದ. "ಒತ್ತಲ್ಲ ಅಂದ್ರೆ ಇನ್ನೊಂದು ದಾರಿ ಐತೆ. ಬೇಲಿ ಮುರ್ದು ಒಳಗ್ ನುಗ್ಗಿದ್ದು ನಿಮ್ಮೋಳೇ. ಕಳ್ತನದ ಕೇಸ್ ಜಡೀತೀನಿ. ಸತ್ತೋಳ್ ಮೇಲೂ, ನಿನ್ ಮೇಲೂ."

"ತಂತಿ ಸಂದೀಲಿ ಬಾ ಅಂದೋರು..." ಎಂದು ಮಾಯಮ್ಮ ಬಾಯಿ ತೆರೆದಳು. ಬಾಲರಾಜು ಅವಳನ್ನೇ ನೋಡುತ್ತಿದ್ದ. ಅವಳು ಬಾಯಿ ಮುಚ್ಚಿದಳು.

"ಕೇರೀಗೆ ಈ ಸುತ್ತಿನಲ್ಲಿ ಕೂಲಿ ಕೊಡೋನು ನಾನೊಬ್ನೇ ಕಣಮ್ಮಿ," ಎಂದ ಅವನು, ಅದೇ ಜೇನಿನ ದನಿಯಲ್ಲಿ. "ಒಸಿ ಯೋಚ್ನೆ ಮಾಡು. ಬರೋ ಸೋಮ್ವಾರ ದೊಡ್ಡೋರೆಲ್ಲಾ ಗಾಡಿ ನೋಡಕ್ ಬತ್ತಾವ್ರೆ. ಅದ್ರೊಳ್ಗೆ ಇದು ಮುಗೀಬೇಕು."

ಅವಳು ಮಾರನೆಯ ದಿನ ಬಸ್ಸು ಹತ್ತಿ ಸ್ಟೇಷನ್ನಿಗೆ ಹೋದಳು. ಪೇದೆಯ ಕಾಲು ಹಿಡಿದು ಐದು ನಿಮಿಷ ಗಿಟ್ಟಿಸಿಕೊಂಡಳು. ದಾಸಪ್ಪ ಕಂಬಿಯ ಹಿಂದೆ ಕುಕ್ಕರಗಾಲಲ್ಲಿ ಕೂತಿದ್ದ. ತುಟಿ ಒಡೆದಿತ್ತು. ತುಳಸಿಮಣಿ ಕಿತ್ತುಹೋಗಿ ಕೊರಳು ಬೋಳಾಗಿತ್ತು.

"ಬ್ರೇಕ್ ತುಳಿಯಕ್ಕೆ ಕಾಲು ಎತ್ತಿದ್ದೆ ಮಾಯವ್ವ. ಸಾಯೇಬ್ರು ತೊಡೆ ಹಿಡ್ಕಂಡ್ರು, ತೊಂಬತ್ತೊಂದ್ನೇ ಸುತ್ತು ಕಣಯ್ಯ, ಹಾಳ್ ಮಾಡ್ಬ್ಯಾಡ, ಗಿಡ ಅದು ಅಂದ್ರು. ನಾನೂ ಗಿಡವೇನೋ ಅನ್ಕಂಡ್ಬುಟ್ಟೆ. ನಮ್ಮೋಳ್ನ ಗಿಡ ಅನ್ಕಂಡ್ಬುಟ್ಟೆ ಕಣವ್ವ." ಅವನು ಗಂಡಸೆಂಬುದನ್ನೂ ಮರೆತು ಗೊಳೋ ಎಂದು ಅತ್ತ. ಮೂಗು ಒರೆಸಿಕೊಂಡು ಹೇಳಿದ: "ಅವ್ರು ಒತ್ತು ಅಂದ್ರೆ ಒತ್ಬುಡು. ಮಗೀಗೊಂದು ಕೆಲ್ಸ ಆಗ್ಲಿ. ನಂಗೇನು, ಒಳಗಿದ್ರೂ ಒಂದೇ ಒರಗಿದ್ರೂ ಒಂದೇ. ಆದ್ರೆ ಕುಡುದಿದ್ದ ಅಂತ ಮಾತ್ರ ಬರುಸ್ಬ್ಯಾಡ. ತಿಮ್ಮಪ್ಪನ್ ಮುಂದೆ ಯಾವ ಮೊಕ ಇಟ್ಕಂಡ್ ನಿಂತ್ಕಳ್ಳಿ?"

ಮನೆಗೆ ಬಂದರೆ ಭಾನುಪ್ರಿಯ ಹೊಸ್ತಿಲ ಮೇಲೆ ಹಳದಿ ಕೋಟೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಬಾಲರಾಜು ಆಗಲೇ ಕೊಟ್ಟು ಕಳಿಸಿದ್ದ.

"ಸೋಮ್ವಾರ ನಾನೂ ಸಾಲಲ್ಲಿ ನಿಲ್ಬೇಕಂತೆ ಚಿಕ್ಕವ್ವ. ಆಮ್ಯಾಕೆ ಒಳಗಡೆ ಕೆಲ್ಸ ಅಂತೆ." ಹುಡುಗಿಯ ಕಣ್ಣು ಊದಿತ್ತು. "ನೀನು ಒತ್ತಲ್ಲ ಅಂದ್ಯಂತೆ. ಒತ್ಬುಡು ಚಿಕ್ಕವ್ವ. ಅವ್ವ ತಿರ್ಗಾ ಬತ್ತಾಳಾ?"

"ದಾಸಣ್ಣನ ಗತಿ ಏನು?"

ಭಾನುಪ್ರಿಯ ಕೋಟಿನ ಗುಂಡಿಯನ್ನು ಹಾಕಿ ಬಿಚ್ಚಿ, ಹಾಕಿ ಬಿಚ್ಚಿ ಮಾಡುತ್ತಿದ್ದಳು. ಅವಳನ್ನು ಹೇಗೆ ಬೈಯುವುದು? ಹಸಿದವಳಿಗೆ ಅನ್ನ ತೋರಿಸಿ, ಬಾಯಲ್ಲಿ ಅವರವ್ವನ ಹೆಣ ಇಟ್ಟಿದ್ದರು. ಮಾಯಮ್ಮ ಗೋಡೆಗೆ ಒರಗಿ ಕೂತು, ಆಡಬಾರದ ಮಾತೆಲ್ಲ ಆಡಿ ಬಾಲರಾಜುವಿನ ಏಳು ತಲೆಮಾರನ್ನು ಬೈದಳು. ಬೈದು ಸುಸ್ತಾದ ಮೇಲೆ ಯೋಚನೆ ಹತ್ತಿತು.

ಭಾನುವಾರ ಅವಳೇ ಬಾಲರಾಜುವಿನ ಅಂಗಳಕ್ಕೆ ಹೋದಳು.

"ಒತ್ತೀನಿ ಬುದ್ಧಿ. ಆದ್ರೆ ನಾಳೆ ಕೆಲ್ಸ ಮುಗುದ್ ಮ್ಯಾಲೆ, ದೊಡ್ಡೋರ್ ಮುಂದೇನೇ ಒತ್ತೀನಿ. ಆಮ್ಯಾಕೆ ನೀವು ಹುಡ್ಗೀಗೆ ಕೆಲ್ಸ ಇಲ್ಲ ಅಂದ್ಬುಟ್ರೆ?"

ಬಾಲರಾಜು ತೊಡೆ ತಟ್ಟಿ ನಕ್ಕ. "ಅಬ್ಬಬ್ಬಾ, ಏನ್ ಚಾಲಾಕಿ ಅಂತೀನಿ! ಆಗ್ಲಿ ಕಣಮ್ಮಿ. ಎಸ್ಸೈಯವ್ರೂ ಅಲ್ಲೇ ಇರ್ತಾರೆ, ಇಂಕಿನ ಡಬ್ಬಿ ತರಕ್ ಯೋಳ್ತೀನಿ. ಗಾಡೀಗೆ ಅಡ್ಡ ನಿಲ್ಲೋಳೂ ನೀನೇ. ಪಕ್ಕುಕ್ ನೆಗುದ್ಗಿಗುದೀಯಾ ಮತ್ತೆ."

"ನೆಗೆಯಲ್ಲ ಬುದ್ಧಿ. ಈಗ ಕಾಲು ಪಳಗೈತೆ. ನಾಳೆ ಡ್ರೈವರ್ರು ಯಾರು?"

"ಯಾವ ಬೇವರ್ಸೀನೂ ಕುಂತ್ಕಳಲ್ಲ ಅಂತಾವ್ನೆ, ದಾಸನ್ ಗತಿ ನೋಡಿ. ನಾನೇ ಕುಂತ್ಕತೀನಿ. ಸುಮ್ನೆ ಕುಂತ್ಕಳದ್ ತಾನೇ? ಟೀವಿಯೋರೂ ಬತ್ತಾರೆ."

ಸೋಮವಾರ ಗೋಮಾಳದಲ್ಲಿ ಶಾಮಿಯಾನ ಎದ್ದಿತ್ತು. ಬಿಳಿ ಬಟ್ಟೆ ಹೊದಿಸಿದ ಕುರ್ಚಿಗಳ ಮೇಲೆ ಬೆಂಗಳೂರಿನವರು, ದೆಹಲಿಯವರು, ಟೈ ಕಟ್ಟಿದ ನಾಲ್ಕು ಮಂದಿ ಬಿಳಿಯರು. ಕ್ಯಾಮೆರಾದವರು ರಸ್ತೆಯ ಪಕ್ಕ ನಿಂತಿದ್ದರು. ಹಳದಿ ಕೋಟಿನ ಹೆಂಗಸರು ಸಾಲಾಗಿ ನಿಂತಿದ್ದರು, ತುದಿಯಲ್ಲಿ ಭಾನುಪ್ರಿಯ. ಪೆಟ್ಟಿಗೆ ಸಾಹೇಬರು ಕಾರಿನ ಕೀಲಿಯನ್ನು ಜೇಬಿಗಿಳಿಸಿ, ಲ್ಯಾಪ್‌ಟಾಪನ್ನು ಶಾಮಿಯಾನದ ಮೇಜಿನ ಮೇಲಿಟ್ಟು, ಮೈಕು ಹಿಡಿದು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ದೂರದ ತುದಿಯಲ್ಲಿ ಬಿಳಿ ಕಾರು, ಅದರೊಳಗೆ ರೇಷ್ಮೆ ಅಂಗಿ ತೊಟ್ಟ ಬಾಲರಾಜು ಒಬ್ಬನೇ, ಎಲ್ಲರಿಗೂ ಕಾಣಲೆಂದು ಕೈಕಟ್ಟಿ ಕೂತಿದ್ದ.

ಮಾಯಮ್ಮ ಸಾಲಿನಲ್ಲಿ ಇರಲಿಲ್ಲ. ಅವಳ ಕೋಟು ಹೊಂಗೆಮರದ ಕೊಂಬೆಗೆ ನೇತಾಡುತ್ತಿತ್ತು.

ಅವಳು ಆ ಹೊತ್ತಿಗೆ ಹಿಪ್ಪುನೇರಳೆ ತೋಟದಲ್ಲಿದ್ದಳು. ಸಿದ್ದಮ್ಮನ ಹಳೇ ಸೀರೆ ಹಾಸಿ ಸೊಪ್ಪು ಕೊಯ್ದು ಕಟ್ಟಿದ್ದಳು. ಸಣ್ಣ ಹೊರೆಯಲ್ಲ, ಇಬ್ಬರು ಎತ್ತಿ ಹೊರಿಸುವಂಥದ್ದು. ತೆವರಿಗೆ ಆನಿಸಿಕೊಂಡು, ಮಂಡಿಯೂರಿ, ಒಬ್ಬಳೇ ತಲೆಗೇರಿಸಿಕೊಂಡಳು. ಜೀವದ ಆಸೆ ಇಲ್ಲವೆಂದಲ್ಲ. ಒಲೆಯ ಮೇಲೆ ಸಾರು ಬಿಟ್ಟು ಬಂದಿದ್ದಳು, ಸಂಜೆಗೆ ಹೋಗಿ ಬಿಸಿ ಮಾಡಬೇಕೆಂದುಕೊಂಡೇ ಬಂದಿದ್ದಳು. ಆದರೆ ಅವಳ ಯೋಚನೆ ನೇರವಾಗಿತ್ತು. ಒಳಗಿರುವವನು ಬ್ರೇಕ್ ತುಳಿದರೆ ಗಾಡಿ ತಾನಾಗಿ ನಿಲ್ಲುವುದಿಲ್ಲವೆಂದು ಎಲ್ಲರೂ ನೋಡುತ್ತಾರೆ, ದಾಸಣ್ಣ ಉಳಿದ. ತುಳಿಯದಿದ್ದರೆ ಹೆಬ್ಬೆಟ್ಟು ಒತ್ತುವವಳೇ ಇಲ್ಲ, ಆಗಲೂ ಉಳಿದ.

ತಂತಿಯ ಸಂದು ಇನ್ನೂ ಹಾಗೇ ಇತ್ತು. ಸಿದ್ದಮ್ಮ ಸತ್ತ ಮೇಲೂ ಅದನ್ನು ಯಾರೂ ಮುಚ್ಚಿರಲಿಲ್ಲ. ಬಾಲರಾಜುವಿನ ಹುಳು ಇನ್ನೂ ಸೊಪ್ಪು ತಿನ್ನುತ್ತಿದ್ದವಲ್ಲ. ಮಾಯಮ್ಮ ನುಗ್ಗಿ ರಸ್ತೆಗೆ ಇಳಿದಳು. ನಡುವೆ ಬಂದು, ಕಾರು ಬರುವ ಕಡೆಗೆ ತಿರುಗಿ ನಿಂತಳು. ಮುಖದ ಮುಂದೆ ಸೊಪ್ಪು, ಹಸಿ ವಾಸನೆ. ಕಾಣುತ್ತಿದ್ದದ್ದು ತನ್ನ ಎರಡು ಕಾಲು, ಅದರ ಕೆಳಗಿನ ಡಾಂಬರು, ಅಷ್ಟೇ.

ಇಂಜಿನ್ನಿನ ಸದ್ದು ಎದ್ದಿತು. ಕಾಲು ಚುಳ್ಳೆಂದಿತು, ಪಕ್ಕಕ್ಕೆ ಎಳೆಯಿತು. "ಸುಮ್ಕಿರು," ಎಂದಳು ಕಾಲಿಗೆ. "ಇವತ್ತೊಂದಿನ ಸುಮ್ಕಿರು."

ಶಾಮಿಯಾನದಲ್ಲಿ ಮೊದಲು ಯಾರಿಗೂ ಗೊತ್ತಾಗಲಿಲ್ಲ. ಬಿಳಿಯನೊಬ್ಬ ಕೈಚಾಚಿ ಏನೋ ಕೇಳಿದ. ಪೆಟ್ಟಿಗೆ ಸಾಹೇಬರು ತಿರುಗಿ ನೋಡಿದರು. ಲ್ಯಾಪ್‌ಟಾಪ್ ನೋಡಿದರು, ಅದರಲ್ಲಿ ಹಳದಿ ಕೋಟಿನವರ ಸುತ್ತ ಮಾತ್ರ ಹಸಿರು ಚೌಕಗಳಿದ್ದವು. ಅವರ ಕೈಯಿಂದ ಮೈಕು ಬಿತ್ತು.

"ಚಿಕ್ಕವ್ವಾ! ಅದು ನಮ್ ಚಿಕ್ಕವ್ವ ಕಣ್ರೋ!" ಭಾನುಪ್ರಿಯ ಕಿರುಚಿದಳು. ಸೊಪ್ಪಿನ ಕೆಳಗಿನ ಕಾಲು ನೋಡಿಯೇ ಅವಳಿಗೆ ಗುರುತು ಹತ್ತಿತ್ತು.

ಕಾರು ನಿಧಾನಿಸಲಿಲ್ಲ. ಒಳಗೆ ಬಾಲರಾಜು ಕೈಕಟ್ಟಿಕೊಂಡೇ ಇದ್ದ. ಗಾಡಿ ನಿಲ್ಲುತ್ತದೆಂದೇ ಅವನೂ ನಂಬಿದ್ದ, ಪಾಪ. ಇಪ್ಪತ್ತು ಮಾರು. ಹತ್ತು ಮಾರು. ಆಗ ಅವನ ಬಾಯಿ ತೆರೆಯಿತು, ಕಟ್ಟಿದ ಕೈ ಬಿಚ್ಚಿತು.

ಟೈರು ಕಿರುಚಿತು. ರಬ್ಬರು ಸುಟ್ಟ ಕಮಟು ವಾಸನೆ. ಹೊರೆಯ ಮುಂದಿನ ರೆಂಬೆಗಳು ಬಾನೆಟ್ಟಿಗೆ ತಾಗಿ ಮುರಿದವು. ಮಾಯಮ್ಮ ಕಣ್ಣು ಬಿಟ್ಟಾಗ ಅವಳ ಕಾಲಿಗೂ ಕಾರಿಗೂ ಗೇಣು ದೂರವಿತ್ತು.

ಅವಳು ಹೊರೆಯನ್ನು ಎತ್ತಿ ಬಾನೆಟ್ಟಿನ ಮೇಲೆ ಬಡಿದಳು. ಗಂಟು ಬಿಚ್ಚಿ ಸೊಪ್ಪೆಲ್ಲ ಗಾಜಿನ ಮೇಲೆ ಚೆಲ್ಲಿತು. ಗಾಜಿನಾಚೆ ಬಾಲರಾಜುವಿನ ಮುಖ ಸುಣ್ಣದ ಹಾಗೆ ಬೆಳ್ಳಗಾಗಿತ್ತು. ಒಳಗಿನಿಂದ ಇಂಜಿನ್ನು ಹುರ್ ಹುರ್ ಎನ್ನುತ್ತಿತ್ತು. ಅವನು ಕಾಲು ಎತ್ತಿದರೆ ಗಾಡಿ ಮತ್ತೆ ತನ್ನ ದಾರಿ ಹಿಡಿಯುತ್ತದೆ. ಅದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ನಿಲ್ಸುದ್ದು ಯಾರು?" ಎಂದಳು ಮಾಯಮ್ಮ. ಕ್ಯಾಮೆರಾದವರು ಆಗಲೇ ಹತ್ತಿರ ಓಡಿಬಂದಿದ್ದರು. "ಗಾಡಿಯಾ, ನೀನಾ? ಯೋಳು ಎಲ್ರ ಮುಂದೆ!"

"ಮಾ... ಮಾಯಮ್ಮ, ಒಸಿ ಪಕ್ಕುಕ್ ಓಗು... ಕಾಲು ನೋಯ್ತಾ ಐತೆ..."

"ಗಾಡಿ ತಾನೇ ನಿಂತಿದ್ರೆ ಕಾಲು ತಗಿ. ತಗೀಲಾ ಬಾಲರಾಜ! ದಾಸಣ್ಣ ಕುಡುದಿದ್ದ ಅಂದಲ್ಲ, ನೀನು ಕುಡುದಿಲ್ವಲ್ಲ, ತಗಿ ಕಾಲ್ನ!"

ಅವಳ ಬಾಯಿಂದ ಆ ಹೆಸರು, 'ಬುದ್ಧಿ' ಎಂಬ ಮಾತಿಲ್ಲದೆ, ಬರಿಗಾಲಲ್ಲಿ ಹೊರಬಿದ್ದದ್ದು ಅದೇ ಮೊದಲು. ಊರಿನ ಗಂಡಸರು ಬೇಲಿಯಾಚೆ ಬಾಯಿ ತೆರೆದುಕೊಂಡು ನಿಂತರು. ಪೆಟ್ಟಿಗೆ ಸಾಹೇಬರು ಲ್ಯಾಪ್‌ಟಾಪ್ ಎದೆಗವುಚಿಕೊಂಡು, ವೈರು ನೆಲದಲ್ಲಿ ಎಳೆಯುತ್ತಾ, "ಕಾಲು ತೆಗೀಬೇಡಿ! ತೆಗೀಬೇಡಿ!" ಎಂದು ಕೂಗುತ್ತಾ ಓಡಿಬರುತ್ತಿದ್ದರು. ಆ ಕೂಗನ್ನು ಶಾಮಿಯಾನದವರೆಲ್ಲ ಕೇಳಿದರು.

ಭಾನುಪ್ರಿಯ ಹಳದಿ ಕೋಟಿನ ಗುಂಡಿಗಳನ್ನು ಕಿತ್ತು, ಕೋಟನ್ನು ಡಾಂಬರಿನ ಮೇಲೆ ಎಸೆದು, ಬಂದು ಚಿಕ್ಕವ್ವನ ಪಕ್ಕದಲ್ಲಿ ನಿಂತಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು. ಇಬ್ಬರು ಮಾತ್ರ ಕೋಟು ಹಾಕಿಕೊಂಡೇ ಸಾಲಿನಲ್ಲೇ ನಿಂತರು, ತಲೆ ತಗ್ಗಿಸಿ.

ಎಸ್ಸೈ ಇಂಕಿನ ಡಬ್ಬಿಯನ್ನು ಕುರ್ಚಿಯ ಮೇಲಿಟ್ಟು, ಪೇದೆಯ ಕೈಯಿಂದ ಲಾಠಿ ಕಿತ್ತುಕೊಂಡ. "ಏಯ್ ಮುಂಡೇರಾ, ಬುಡ್ರೇ ದಾರಿ!" ಎನ್ನುತ್ತಾ ರಸ್ತೆಗೆ ಇಳಿದ. ಕಾರಿನೊಳಗೆ ಬಾಲರಾಜುವಿನ ಮಂಡಿ ಗಡಗಡ ನಡುಗುತ್ತಿತ್ತು. ಕಾರು ಒಂದು ಬೆರಳಿನಷ್ಟು ಮುಂದೆ ಜರುಗಿ ಮತ್ತೆ ನಿಂತಿತು.

ಮಾಯಮ್ಮ ಪಕ್ಕಕ್ಕೆ ಹೋಗಲಿಲ್ಲ.